ಗುಳಿಗೆಯ ಸಿಹಿ

ಕಾಫಿಗೆ ಸಕ್ಕರೆ ಬಿಟ್ಟು ಪುಟ್ಟ ಗುಳಿಗೆ ಹಾಕಿಕೊಳ್ಳುವವರು ಈಗ ಬಹಳ. ಹಲವು ಗುಳಿಗೆಗಳಲ್ಲಿರುವ ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಕ್ಯಾಲೊರಿ ಮಾತ್ರ ಇಲ್ಲವೆನ್ನುವಷ್ಟು. ನಾಲಿಗೆಗೆ ಹಬ್ಬ, ಹೊಟ್ಟೆಗೆ ಉಪವಾಸ! ಇದರಿಂದ ಸಿಹಿಯ ಚಪಲ ಹೆಚ್ಚುತ್ತದೆಯೇ? ಸಂಶೋಧಕರಲ್ಲೇ ಒಮ್ಮತವಿಲ್ಲ. ಆದರೆ ತೂಕ ಇಳಿಸಲು ಇವನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು. ಈಗಾಗಲೇ ಮಧುಮೇಹ ಇರುವವರಿಗೆ ಈ ಮಾತು ಅನ್ವಯಿಸದು. ಅವರು ವೈದ್ಯರನ್ನೇ ಕೇಳಲಿ. ಉಳಿದವರು ಸಕ್ಕರೆಯನ್ನು ಅರ್ಧ ಚಮಚ, ಕಾಲು ಚಮಚ ಎಂದು ಇಳಿಸುತ್ತ ಬಂದರಾಯಿತು. ನಾಲಿಗೆ ಮೆಲ್ಲಗೆ ಒಗ್ಗುತ್ತದೆ. ಹಾಲಿನಲ್ಲೇ ಇರುವ ಸಿಹಿ ಆಗ ತಿಳಿಯುತ್ತದೆ. ಸಿಹಿಯ ಚಪಲ ಕಾಫಿಗಷ್ಟೇ ಅಲ್ಲವಲ್ಲ; ಸಂಜೆ ನಾಲ್ಕಕ್ಕೆ ಬಿಸ್ಕತ್ತಿನ ಡಬ್ಬಕ್ಕೆ ಕೈ ಹೋದಾಗ, ಇದು ಹಸಿವೋ ಬರೀ ಬೇಸರವೋ ಎಂದು ಹೊಟ್ಟೆಯನ್ನೊಮ್ಮೆ ಕೇಳಿ. ಹಸಿವೇ ಆಗಿದ್ದರೆ ಒಂದು ಬಾಳೆಹಣ್ಣು ತಿನ್ನಿ, ಸಂಕೋಚವೇನೂ ಬೇಡ.