ಒಂದು ಅಕ್ಷರ ತಪ್ಪಿದಾಗ: ಜೀವಕೋಶದ ಸಂಶೋಧನೆಯೂ ಸಿಕಲ್ ಸೆಲ್ ಕಾಯಿಲೆಯೂ

(ಗ್ರಾಮ ಆರೋಗ್ಯ ಕಾರ್ಯಕರ್ತೆಯರು ಹಾಗೂ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಇವತ್ತು ನಾವು ಮಾತನಾಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ವಸ್ತುವಿನ ಬಗ್ಗೆ. ಅದೇ ಜೀವಕೋಶ. "ಹಾಡಿ ಹಾಡಿ ಸುತ್ತೋ ನಮಗೆ ಈ ಪಾಠ ಯಾಕೆ?" ಅಂತ ನೀವು ಕೇಳಬಹುದು. ಕೇಳಲೇಬೇಕು. ಉತ್ತರ ನಮ್ಮ ಹಾಡಿಗಳಲ್ಲೇ ಇದೆ.

ಹೆಗ್ಗಡದೇವನಕೋಟೆ, ಹುಣಸೂರು, ಗುಂಡ್ಲುಪೇಟೆ, ಯಳಂದೂರು ಕಡೆಯ ಹಾಡಿ, ಪೋಡುಗಳಿಗೆ ಹೋದಾಗ ನಾವು ಏನು ನೋಡುತ್ತೇವೆ? ಮಗುವಿನ ಅಂಗೈ, ಅಂಗಾಲು ಊದಿಕೊಂಡಿರುತ್ತದೆ. ಕೀಲು, ಮೂಳೆ, ಬೆನ್ನು ನೋವು ಎಂದು ರಾತ್ರಿಯೆಲ್ಲಾ ಅಳುತ್ತದೆ. ಕಣ್ಣು ಹಳದಿ, ಮುಖ ಬಿಳಿಚು, ಪದೇ ಪದೇ ಜ್ವರ. ಹಿರಿಯರು ಕಾಮಾಲೆ ಎನ್ನುತ್ತಾರೆ, ವಾತ ಎನ್ನುತ್ತಾರೆ, ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಕೆಲವು ಮನೆಗಳಲ್ಲಿ ಮಾತು ಇನ್ನೂ ಕಠಿಣ: "ಈ ಸೊಸೆ ಕಾಲಿಟ್ಟ ಗಳಿಗೆ ಸರಿಯಿಲ್ಲ." ಇಂಥ ಮಕ್ಕಳಲ್ಲಿ ಕೆಲವರಿಗಾದರೂ ಇರುವುದು ಸಿಕಲ್ ಸೆಲ್ ಕಾಯಿಲೆ.

ನಮ್ಮ ರಕ್ತ ಕೆಂಪಗಿರೋದು ಕೆಂಪು ರಕ್ತಕಣಗಳಿಂದ. ಈ ಕಣಗಳ ತುಂಬ ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ಇದೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಗೆಲ್ಲಾ ಮುಟ್ಟಿಸುವುದು ಇದರ ಕೆಲಸ. ಒಳ್ಳೆಯ ರಕ್ತಕಣ ದುಂಡಗೆ, ಮೆತ್ತಗೆ ಇರುತ್ತದೆ. ತನಗಿಂತ ಕಿರಿದಾದ ರಕ್ತನಾಳದೊಳಗೂ ಬಾಗಿ ಬಳುಕಿ ನುಸುಳುತ್ತದೆ. ಸುಮಾರು 120 ದಿನ ಬದುಕುತ್ತದೆ.

ಸಿಕಲ್ ಸೆಲ್ ಕಾಯಿಲೆಯಲ್ಲಿ ಹಾಗಲ್ಲ. ಆಮ್ಲಜನಕವನ್ನು ಬಿಟ್ಟುಕೊಟ್ಟ ಕೂಡಲೇ ಹಿಮೋಗ್ಲೋಬಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿ ನಾರಿನಂತಾಗುತ್ತವೆ. ದುಂಡಗಿದ್ದ ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಇಂಗ್ಲಿಷಿನಲ್ಲಿ ಸಿಕಲ್ ಎಂದರೆ ಕುಡುಗೋಲು. ಇಂಥ ಬಿರುಸು ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡರೆ ಮುಂದಕ್ಕೆ ರಕ್ತ ಹೋಗುವುದಿಲ್ಲ. ಕಾಲುವೆಗೆ ಕಸ ಕಟ್ಟಿದರೆ ಗದ್ದೆಯ ಕೊನೆಗೆ ನೀರು ಹೋದೀತೇ? ಮಗು ಅಳುವುದು ಈ ಕಾರಣಕ್ಕೆ. ಈ ಕಣಗಳು 10-20 ದಿನಕ್ಕೇ ಒಡೆದು ಹೋಗುವುದರಿಂದ ರಕ್ತಹೀನತೆ, ಹಳದಿ ಕಣ್ಣು.

ಇಷ್ಟಕ್ಕೆಲ್ಲಾ ಕಾರಣ ಎಷ್ಟು ಸಣ್ಣದು ಗೊತ್ತೇ? ಕನ್ನಡದಲ್ಲಿ 'ಹಾಲು' ಎಂದು ಬರೆಯುವ ಕಡೆ ಒಂದಕ್ಷರ ತಪ್ಪಿ 'ಹಾಳು' ಎಂದು ಬರೆದರೆ ಏನಾಗುತ್ತದೆ? ಇಲ್ಲಿ ಆಗಿರುವುದೂ ಅದೇ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಇದು ಹಿಮೋಗ್ಲೋಬಿನ್ ಅಣುವಿನದೇ ದೋಷ ಎಂದು ತೋರಿಸಿದರು. ಕೆಲವು ವರ್ಷಗಳ ನಂತರ ವರ್ನನ್ ಇಂಗ್ರಾಂ ಅವರು ಆ ದೋಷ ಎಲ್ಲಿದೆ ಎಂದು ಪತ್ತೆ ಹಚ್ಚಿದರು. 146 ಅಮೈನೋ ಆಮ್ಲಗಳ ಸರಪಳಿಯಲ್ಲಿ ಆರನೆಯದು ಮಾತ್ರ ಬದಲಾಗಿದೆ. ಅಷ್ಟೇ.

ಹಾಗಾದರೆ ಈ ತಪ್ಪು ನಮ್ಮ ಆದಿವಾಸಿ ಬಂಧುಗಳಲ್ಲಿ ಯಾಕೆ ಹೆಚ್ಚು? ಇದು ಶಾಪವಲ್ಲ, ಯಾರ ಪಾಪವೂ ಅಲ್ಲ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದವರನ್ನು ವಾಹಕರು ಎನ್ನುತ್ತೇವೆ. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅಷ್ಟೇ ಅಲ್ಲ, ಮಾರಕ ಮಲೇರಿಯಾದಿಂದ ಅವರಿಗೆ ಒಂದಿಷ್ಟು ರಕ್ಷಣೆ ಇದೆ ಎಂದು 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ತೋರಿಸಿಕೊಟ್ಟರು. ಮಲೇರಿಯಾ ಇದ್ದ ಕಾಡು ಸೀಮೆಗಳಲ್ಲಿ ತಲೆತಲಾಂತರದಿಂದ ಈ ಗುಣ ಉಳಿದುಬಂದದ್ದು ಹೀಗೆ. ನಮ್ಮ ಪಕ್ಕದ ನೀಲಗಿರಿ ಬೆಟ್ಟದ ಬುಡಕಟ್ಟು ಜನರಲ್ಲಿ ಇದು 1952ರಲ್ಲೇ ಕಂಡುಬಂದಿತ್ತು.

ಈಗ ಹೊಸ ಸಂಶೋಧನೆಯ ಮಾತಿಗೆ ಬರೋಣ. ನೀವೇ ಗಮನಿಸಿರಬಹುದು, ಹುಟ್ಟಿದ ಮಗುವಿಗೆ ಈ ತೊಂದರೆ ಕಾಣುವುದಿಲ್ಲ. ಐದಾರು ತಿಂಗಳಾದ ಮೇಲೆ ಶುರುವಾಗುತ್ತದೆ. ಯಾಕೆಂದರೆ ಹೊಟ್ಟೆಯಲ್ಲಿರುವಾಗ ಮಗುವಿನಲ್ಲಿ ಭ್ರೂಣದ ಹಿಮೋಗ್ಲೋಬಿನ್ ಎಂಬ ಬೇರೆ ಬಗೆ ಇರುತ್ತದೆ. ಅದರಲ್ಲಿ ಈ ದೋಷವಿಲ್ಲ. ಹುಟ್ಟಿದ ನಂತರ ಅದು ನಿಧಾನವಾಗಿ ನಿಂತುಹೋಗುತ್ತದೆ. ಅದನ್ನು ನಿಲ್ಲಿಸುವ ಸ್ವಿಚ್ಚು ಯಾವುದು? ಬಿಸಿಎಲ್11ಎ ಎಂಬ ಜೀನ್ ಆ ಕೆಲಸ ಮಾಡುತ್ತದೆಂದು 2008ರಲ್ಲಿ ಅಮೆರಿಕೆಯ ಸ್ಟುವರ್ಟ್ ಆರ್ಕಿನ್ ಅವರ ತಂಡ ತೋರಿಸಿತು. ಹಾಗಾದರೆ ಆ ಸ್ವಿಚ್ಚನ್ನೇ ಆರಿಸಿದರೆ? ಹಳೆಯ ಒಳ್ಳೆಯ ಹಿಮೋಗ್ಲೋಬಿನ್ ಮತ್ತೆ ತಯಾರಾಗಬೇಕಲ್ಲವೇ?

ಹಾಗೇ ಆಯಿತು. ಕ್ರಿಸ್ಪರ್ ಎಂಬ ಜೀನ್ ಕತ್ತರಿಯನ್ನು ರೂಪಿಸಿದ ಇಬ್ಬರು ಮಹಿಳಾ ವಿಜ್ಞಾನಿಗಳು, ಇಮ್ಯಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ, 2020ರಲ್ಲಿ ನೊಬೆಲ್ ಪಡೆದರು. ಆ ಕತ್ತರಿಯಿಂದ ರೋಗಿಯದೇ ಕಾಂಡಕೋಶಗಳನ್ನು ಹೊರತೆಗೆದು ತಿದ್ದಿ, ಮತ್ತೆ ಅವರ ಮೈಗೇ ಸೇರಿಸುವ ಕ್ಯಾಸ್ಜೆವಿ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ನೀಡಿದವು. ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳಲ್ಲಿ 29 ಮಂದಿಗೆ ಒಂದು ವರ್ಷದವರೆಗಾದರೂ ಆ ತೀವ್ರ ನೋವು ಮರುಕಳಿಸಲಿಲ್ಲ.

ಸಂತೋಷದ ಸುದ್ದಿಯೇ. ಆದರೆ ನಾವು ಜನರಿಗೆ ಸುಳ್ಳು ಆಸೆ ಹುಟ್ಟಿಸಬಾರದು. ಅಮೆರಿಕದಲ್ಲಿ ಈ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್. ಅದಕ್ಕೆ ಮುಂಚೆ ಕಠಿಣವಾದ ಕಿಮೋಥೆರಪಿ, ವಾರಗಟ್ಟಲೆ ಆಸ್ಪತ್ರೆವಾಸ. ಮಕ್ಕಳಾಗದೇ ಹೋಗುವ ಅಪಾಯವೂ ಇದೆ. ದೆಹಲಿಯ ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದಲ್ಲೇ ಕಡಿಮೆ ಖರ್ಚಿನಲ್ಲಿ ಇಂಥ ಚಿಕಿತ್ಸೆ ತರಲು ದುಡಿಯುತ್ತಿದ್ದಾರೆ. ಅದು ಹಾಡಿಗೆ ಬರುವ ತನಕ ಕೈಕಟ್ಟಿ ಕೂರೋಣವೇ? ಬೇಡ. ಈಗಲೇ ಮಾಡುವಂಥದ್ದು ಬೇಕಾದಷ್ಟಿದೆ.

ಮೊದಲನೆಯದು ರಕ್ತ ಪರೀಕ್ಷೆ. ಕೇಂದ್ರ ಸರಕಾರ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ಕರ್ನಾಟಕವೂ ಅದರಲ್ಲಿದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಮನೆಮಂದಿಯನ್ನೆಲ್ಲಾ ಕರೆದುಕೊಂಡು ಹೋಗಿ.

ಎರಡನೆಯದು ಔಷಧ. ಹೈಡ್ರಾಕ್ಸಿಯೂರಿಯ ಎಂಬ ಹಳೆಯ, ಕಡಿಮೆ ಬೆಲೆಯ ಮಾತ್ರೆಯೂ ಆ ಭ್ರೂಣದ ಹಿಮೋಗ್ಲೋಬಿನ್ನನ್ನೇ ಹೆಚ್ಚಿಸುತ್ತದೆ. ಕೋಟಿಗಟ್ಟಲೆ ರೂಪಾಯಿಯ ಚಿಕಿತ್ಸೆ ಮಾಡುವ ಕೆಲಸವನ್ನು ಇದು ಸ್ವಲ್ಪಮಟ್ಟಿಗೆ ಮಾಡುತ್ತದೆ. ಆದರೆ ವೈದ್ಯರ ಸಲಹೆಯಂತೆ, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು, ದಿನಾ ತೆಗೆದುಕೊಳ್ಳಬೇಕು. ನೋವು ನಿಂತಿತೆಂದು ಬಿಡಬಾರದು. ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ಮೂರನೆಯದು ಮನೆಯ ಆರೈಕೆ. ಮಗುವಿಗೆ ಚೆನ್ನಾಗಿ ನೀರು ಕುಡಿಸಿ, ಚಳಿ ಮಳೆಯಲ್ಲಿ ಬೆಚ್ಚಗಿಡಿ, ಲಸಿಕೆ ತಪ್ಪಿಸಬೇಡಿ. ಜ್ವರ, ಎದೆನೋವು, ಏದುಸಿರು, ದಿಢೀರನೆ ಹೊಟ್ಟೆ ಊದುವುದು, ಕೈಕಾಲು ಸ್ವಾಧೀನ ತಪ್ಪುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನೊಂದು ಮಾತು: 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಈ ಕಾಯಿಲೆಯೂ ಸೇರಿದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಲು ನಾವು ನೆರವಾಗಬೇಕು.

ಕೊನೆಯದು ಮದುವೆ. ಗಂಡು ಹೆಣ್ಣು ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವ, ಸೋದರತ್ತೆಯ ಮಗ ಎಂದು ಹತ್ತಿರದಲ್ಲೇ ಕೊಟ್ಟು ತರುವ ಮನೆಗಳಲ್ಲಿ ಇದು ಇನ್ನೂ ಗಮನಿಸಬೇಕಾದ ವಿಷಯ. ಜಾತಕ ನೋಡುವ ಮುಂಚೆ ರಕ್ತ ಪರೀಕ್ಷೆಯ ಕಾರ್ಡು ನೋಡಿ ಎಂದು ನಾವು ಹೇಳೋಣ. ಆದರೆ ಎಚ್ಚರ! ಆ ಕಾರ್ಡು ಹಿಡಿದು ಯಾವ ಹೆಣ್ಣುಮಗಳನ್ನೂ ಹೀಯಾಳಿಸುವಂತಾಗಬಾರದು. ಕಾಯಿಲೆಯ ಮಗುವಿಗೆ ಈ ಗುಣ ತಾಯಿಯಿಂದಲೂ ಬಂದಿದೆ, ತಂದೆಯಿಂದಲೂ ಬಂದಿದೆ, ಇಬ್ಬರಿಂದಲೂ ಸಮಸಮ. ಸೊಸೆಯ ಕಾಲ್ಗುಣ ಇದಕ್ಕೆ ಕಾರಣವಲ್ಲ ಎಂಬುದನ್ನು ವಿಜ್ಞಾನ ಎಪ್ಪತ್ತು ವರ್ಷದ ಹಿಂದೆಯೇ ಹೇಳಿದೆ. ಅದನ್ನು ಆ ಮನೆಯ ಜಗಲಿಯವರೆಗೆ ಮುಟ್ಟಿಸುವ ಕೆಲಸ ಮಾತ್ರ ಬಾಕಿ ಇದೆ. ಅದು ನಮ್ಮದು, ನಿಮ್ಮದು.

ನಾಳೆ ಊರಿಗೆ ಹೋದ ಮೇಲೆ ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಸಾಲ, ಉಳಿತಾಯದ ಲೆಕ್ಕ ಮುಗಿದ ಬಳಿಕ ಹತ್ತು ನಿಮಿಷ ಈ ಮಾತಾಡಿ. ಒಂದು ಮಗುವಿನ ನೋವು ಕಡಿಮೆಯಾದರೂ ನಾವಿಲ್ಲಿ ಸೇರಿದ್ದು ಸಾರ್ಥಕ.