ಮೊದಲ ಹೊಡೆತಕ್ಕೆ ಯಾವ ಕೋಲು?



ಶಿರೂರ ಅನಂತಪಾಳದವನು ಗಾಲ್ಫ್ ಆಟದ ಮಾತು ಎತ್ತಿದರೆ ನಿಮಗೆ ನಗು ಬರಬಹುದು. ನಿಲಂಗಾ, ಉದಗೀರ, ಉಮರ್ಗಾ ಕಡೆಯ ನಮ್ಮ ಹೊಲಗಳಲ್ಲಿ ತೊಗರಿ, ಸೋಯಾಬೀನ್ ಬೆಳೆಯುತ್ತವೆಯೇ ಹೊರತು ಗಾಲ್ಫಿನ ಹುಲ್ಲು ಬೆಳೆಯುವುದಿಲ್ಲ. ಆದರೆ ನಮ್ಮ ಹುಡುಗರು ದುಡಿಮೆಗಾಗಿ ಪುಣೆಗೆ, ಬೆಂಗಳೂರಿಗೆ ಹೋಗುತ್ತಾರೆ. ನಮ್ಮ ಬಳಗದ ಹುಡುಗನೊಬ್ಬ ಬೆಂಗಳೂರು ಕಡೆಯ ಒಂದು ಗಾಲ್ಫ್ ಮೈದಾನದಲ್ಲಿ ಕ್ಯಾಡಿ ಕೆಲಸಕ್ಕೆ ಸೇರಿದ. ಆಟಗಾರರ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆಯುವವನೇ ಕ್ಯಾಡಿ. ತಿಂಗಳೊಳಗೆ ಅವನ ಫೋನು ಬಂತು.

"ಕಾಕಾ, ಚೀಲ ಹೊರೋದು ತ್ರಾಸಿಲ್ಲ. ಯಾವ ಕೋಲು ತಗೊಳ್ಳಲಿ ಅಂತ ಸಾಹೇಬರು ನನ್ನನ್ನೇ ಕೇಳ್ತಾರ. ತಪ್ಪು ಹೇಳಿದ್ರ ಮರುದಿನ ಬೇರೆಯವನನ್ನ ಕರೀತಾರ."

ಅವನ ಕೂಲಿ ಆ ಒಂದು ಉತ್ತರದ ಮೇಲೆ ನಿಂತಿತ್ತು. ನಾನು ಆಡಿದವನಲ್ಲ. ಬ್ಯಾಂಕಿನ ನೌಕರಿಯಲ್ಲಿ ಕೆಲಕಾಲ ಬೆಂಗಳೂರಿನಲ್ಲಿದ್ದಾಗ ಆಟ ನೋಡಿ, ಆಡುವವರನ್ನು ಕೇಳಿ ತಿಳಿದಿದ್ದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಆಟ ನಮ್ಮ ಚಿಣ್ಣಿದಾಂಡಿನ ದೂರದ ನೆಂಟ. ಇಲ್ಲಿ ಚಿಣ್ಣಿಯ ಬದಲು ಸಣ್ಣ ಚೆಂಡು. ಒಟ್ಟು 18 ಕುಳಿಗಳು. ಚೆಂಡನ್ನು ಎಷ್ಟು ಕಡಿಮೆ ಹೊಡೆತಗಳಲ್ಲಿ ಕುಳಿಗೆ ಹಾಕಿದಿರಿ ಎಂಬುದೇ ಲೆಕ್ಕ. ಚೀಲದಲ್ಲಿ 14 ಕೋಲುಗಳಿಗಿಂತ ಹೆಚ್ಚು ಇರಕೂಡದು. ಪ್ರತಿ ಕುಳಿಯ ಮೊದಲ ಹೊಡೆತಕ್ಕೆ ಮಾತ್ರ ಚೆಂಡನ್ನು 'ಟೀ' ಎಂಬ ಸಣ್ಣ ಗೂಟದ ಮೇಲೆ ಇಡಬಹುದು.

ಡ್ರೈವರ್ ಎಂಬುದು ಎಲ್ಲಕ್ಕಿಂತ ಉದ್ದನೆಯ ಹೊಡೆಯುವ ಕೋಲು, ಸುಮಾರು 45 ಇಂಚು. ಅದರ ಮುಖ ಬಹುತೇಕ ನೆಟ್ಟಗಿರುತ್ತದೆ. ಹಿಂದಕ್ಕೆ ವಾಲಿದ್ದು 9ರಿಂದ 12 ಡಿಗ್ರಿ. ಚೆಂಡು ಬಹುದೂರ ಹೋಗುತ್ತದೆ, ಆದರೆ ಮುಖ ಕೂದಲೆಳೆಯಷ್ಟು ತಿರುಗಿದರೂ ಚೆಂಡು ಪಕ್ಕಕ್ಕೆ ಬಹಳ ಬಾಗುತ್ತದೆ. ಮೂರನೇ ನಂಬರಿನ ವುಡ್ ಕೋಲಿನ ವಾಲು ಸುಮಾರು 15 ಡಿಗ್ರಿ, ಉದ್ದವೂ ಕಡಿಮೆ. ದೂರ ಸ್ವಲ್ಪ ಕಡಿಮೆ, ಹಿಡಿತ ಹೆಚ್ಚು. ಹೈಬ್ರಿಡ್, ಐಯರ್ನ್ ಕೋಲುಗಳಲ್ಲಿ ದೂರ ಇನ್ನೂ ಕಡಿಮೆ, ಹಿಡಿತ ಇನ್ನೂ ಹೆಚ್ಚು. ಡ್ರೈವರಿಗೆ ಟೀ ಎತ್ತರವಾಗಿರಬೇಕು, ಚೆಂಡಿನ ಅರ್ಧ ಭಾಗ ಕೋಲಿನ ತಲೆಗಿಂತ ಮೇಲೆ ಕಾಣಬೇಕು. ಐಯರ್ನ್ ಕೋಲಿಗೆ ಟೀಯನ್ನು ನೆಲಕ್ಕೆ ತಾಗುವಂತೆ ಒತ್ತಬೇಕು.

ಇನ್ನು ಲೆಕ್ಕ. ಚೆಂಡು ಮೈದಾನದ ಗಡಿ ದಾಟಿದರೆ ಒಂದು ಹೊಡೆತದ ದಂಡ, ಮೇಲಾಗಿ ಮೊದಲಿನ ಜಾಗದಿಂದಲೇ ಮತ್ತೆ ಹೊಡೆಯಬೇಕು. ಆ ಹೊಡೆತ ಮೂರನೆಯದು ಎಂದು ಎಣಿಕೆಯಾಗುತ್ತದೆ. ಅಂದರೆ ನಷ್ಟ ಎರಡು ಹೊಡೆತ. ಉದಾಹರಣೆಗೆ 360 ಗಜದ ಕುಳಿ, ಬಲಗಡೆ ಗಡಿ ಎಂದಿಟ್ಟುಕೊಳ್ಳಿ. ಡ್ರೈವರ್ 230 ಗಜ ಹೋದರೆ ಉಳಿಯುವುದು 130. ವುಡ್ ಕೋಲಿನಲ್ಲಿ 205 ಹೋದರೆ ಉಳಿಯುವುದು 155. ಹತ್ತು ಸಲ ಡ್ರೈವರ್ ಹೊಡೆದಾಗ ಎರಡು ಸಲ ಗಡಿ ದಾಟಿದರೆ ನಾಲ್ಕು ಹೊಡೆತ ಹೋಯಿತು. ಉಳಿದ ಎಂಟು ಸಲ ಸಿಕ್ಕ 25 ಗಜದ ಲಾಭ ಆ ನಾಲ್ಕನ್ನು ತುಂಬಿಕೊಡುವುದು ಕಷ್ಟ. ಬಡ್ಡಿಯ ಆಸೆಗೆ ಅಸಲು ಕಳೆದುಕೊಂಡಂತೆ.

ಹಾಗೆಂದು ಹೆದರಿ ಯಾವಾಗಲೂ ಸಣ್ಣ ಕೋಲು ಹಿಡಿಯುವುದೂ ಜಾಣತನವಲ್ಲ. ಎರಡೂ ಕಡೆ ಬಯಲಿದ್ದರೆ, ತಪ್ಪಿದರೂ ಚೆಂಡು ಹುಲ್ಲಿನಲ್ಲಿ ಸಿಗುವಂತಿದ್ದರೆ ಡ್ರೈವರೇ ಸರಿ. ಕುಳಿಗೆ ಹತ್ತಿರವಾದಷ್ಟೂ ಮುಂದಿನ ಹೊಡೆತ ಸುಲಭ. ಆದ್ದರಿಂದ ಕ್ಯಾಡಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಹೊಡೆತ ಕೆಟ್ಟರೆ ಚೆಂಡು ಎಲ್ಲಿಗೆ ಹೋಗುತ್ತದೆ?

ನಿಲ್ಲುವ ಜಾಗವೂ ಮುಖ್ಯ. ಎರಡು ಗುರುತುಗಳ ನಡುವೆ ಎಲ್ಲಿ ಬೇಕಾದರೂ, ಎರಡು ಕೋಲಿನಳತೆ ಹಿಂದೆಯೂ ಟೀ ಊರಬಹುದು. ಅಪಾಯ ಬಲಗಡೆ ಇದ್ದರೆ ಬಲತುದಿಯಲ್ಲಿ ಊರಿ ಎಡಕ್ಕೆ ಗುರಿಯಿಡಿ, ಆಗ ಚೆಂಡು ಅಪಾಯದಿಂದ ದೂರ ಸಾಗುತ್ತದೆ. ಎದುರುಗಾಳಿ ಇದ್ದರೆ ಜೋರಾಗಿ ಬೀಸಬೇಡಿ. ಚೆಂಡು ಮೇಲೇರಿ ಅಲ್ಲೇ ಬೀಳುತ್ತದೆ. ಒಂದು ನಂಬರು ದೊಡ್ಡ ಕೋಲು ತೆಗೆದುಕೊಂಡು ಮೆಲ್ಲಗೆ ಬೀಸಿ. ಮೂರು ಹೊಡೆತದ ಚಿಕ್ಕ ಕುಳಿಯಲ್ಲಿ ಬಾವುಟದ ಮೇಲಲ್ಲ, ಹಸಿರಿನ ನಡುವೆ ಕಣ್ಣಿಡಿ.

ಬಲವೇ ಎಲ್ಲ ಅಲ್ಲ ಎಂಬುದಕ್ಕೆ ನಮ್ಮ ಕರ್ನಾಟಕದ ಹೆಣ್ಣುಮಗಳೇ ಸಾಕ್ಷಿ. ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಆಡಿದರು. ಕೋಲುಗಳ ಚೀಲ ಹೊತ್ತವರು ಅವರ ತಾಯಿ. ಆ ವರ್ಷವೇ ಕೋವಿಡ್ ಬಂದು ಅದಿತಿಯವರ ಶಕ್ತಿ ಕುಗ್ಗಿತ್ತು. ಅಲ್ಲಿದ್ದ 60 ಮಂದಿಯಲ್ಲಿ ಮೊದಲ ಹೊಡೆತದ ದೂರದಲ್ಲಿ ಅವರು ಕೊನೆಯವರ ಸಾಲಿನಲ್ಲಿದ್ದರು. ಬೇರೆಯವರು ಸಣ್ಣ ಐಯರ್ನ್ ಹಿಡಿಯುವ ಕಡೆ ಅವರು ಹೈಬ್ರಿಡ್ ಹಿಡಿಯಬೇಕಾಯಿತು. ಆದರೂ ನಾಲ್ಕು ದಿನದಲ್ಲಿ 67, 66, 68, 68, ಒಟ್ಟು 269 ಹೊಡೆತ. ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಆ ಬೆಳಿಗ್ಗೆ ಕೊನೆಯ ಕುಳಿಯ ಪಕ್ಕದಲ್ಲಿ ಚೆಂಡು ಜಾರಿದಾಗ, ಆಟ ಗೊತ್ತಿಲ್ಲದವರೂ ಟಿವಿ ಮುಂದೆ ಉಸಿರು ಬಿಗಿಹಿಡಿದಿದ್ದರು. ಬಿಡದಿ ಸಮೀಪದ ಹಳ್ಳಿಯಿಂದ ಬಂದು ವೃತ್ತಿಪರ ಆಟಗಾರನಾದ ಎಸ್. ಚಿಕ್ಕರಂಗಪ್ಪನವರೂ ನಮ್ಮ ಹುಡುಗರಿಗೆ ಧೈರ್ಯ ತುಂಬುವ ಹೆಸರೇ.

ನಮ್ಮ ಹುಡುಗ ಮತ್ತೆ ಫೋನು ಮಾಡಿದ. ಬಲಗಡೆ ಗಡಿ ಇದ್ದ ಕುಳಿಯಲ್ಲಿ ವುಡ್ ಕೋಲು ತೆಗೆದುಕೊಳ್ಳಿ ಅಂದನಂತೆ. ಸಾಹೇಬರು ಕೇಳಲಿಲ್ಲ, ಡ್ರೈವರ್ ಬೀಸಿದರು, ಚೆಂಡು ಹೋಯಿತು. ಮುಂದಿನ ಕುಳಿಗೆ ಬಂದಾಗ ಅವರೇ ಕೇಳಿದರಂತೆ: "ಈಗ ಯಾವುದಪ್ಪಾ?"

"ನೀನು ಏನಂದೆ?" ಅಂದೆ.

"ಎರಡೂ ಕಡೆ ಬಯಲಿತ್ತು ಕಾಕಾ. ಡ್ರೈವರ್ ಅಂದೆ."

ಹುಡುಗನಿಗೆ ಆಟ ತಿಳಿಯಿತು ಎಂದು ನನಗೆ ಗೊತ್ತಾದದ್ದು ಆಗ. ಕೆಲಸವೂ ಉಳಿದಿದೆ.