ಅವ್ವನಿಗೆ ಕೇಳಿದ ಪ್ರಶ್ನೆ

ತತ್ವಶಾಸ್ತ್ರ ಅಂದರೆ ಮಠದವರದು, ನಮ್ಮದಲ್ಲ ಅಂದ್ಕೋತೀವಿ. ಸುಳ್ಳು. ಚಿಕ್ಕವನಿದ್ದಾಗ ಅವ್ವನನ್ನು ಕೇಳಿದ್ದೆ: "ಆ ಬಾವಿ ನಾವ್ಯಾಕೆ ಮುಟ್ಟಬಾರದು?" "ನಮ್ಮ ಹಣೇಬರ ಕಣ್ ಮಗ" ಅಂದಳು.

ತತ್ವಶಾಸ್ತ್ರದ ಮೂಲ ಪ್ರಶ್ನೆಗಳು ಹುಟ್ಟೋದು ಇಲ್ಲೇ. ಹಣೆಬರಹ ಅನ್ನೋದು ನಿಜವಾಗಿ ಇದೆಯೇ? ಇದೆಯೆಂದು ತಿಳಿದದ್ದು ಹೇಗೆ? ಇದ್ದರೂ, ಬಾಯಾರಿದವರಿಗೆ ನೀರು ಕೊಡದಿರುವುದು ನ್ಯಾಯವೇ?

ಪರಂಪರೆ ಹೇಳಿತು, ಗ್ರಂಥ ಹೇಳಿತು, ಗುರು ಹೇಳಿದ ಅಂತಲೇ ಒಪ್ಪಬೇಡಿ ಎಂದು ಬುದ್ಧ ಕಾಲಾಮರಿಗೆ ಹೇಳಿದ. ಅದು ಎರಡನೇ ಪ್ರಶ್ನೆಯ ದಾರಿ. 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡದ ಕೆರೆಗಿಳಿದು ನೀರು ಕುಡಿದರು. ಅದು ಮೂರನೆಯದಕ್ಕೆ ಉತ್ತರ.

ಅವ್ವನ ತಪ್ಪಲ್ಲ. ಅವಳನ್ನು ಯಾರೂ ಪ್ರಶ್ನೆ ಕೇಳಗೊಡಲಿಲ್ಲ. ನಮಗೆ ಅಕ್ಷರ ಸಿಕ್ಕಿದೆ. ಈ ಸಲ ಊರಿಗೆ ಹೋದಾಗ ಅವ್ವಂದಿರ ಪಕ್ಕ ಕೂತು, ಅವರ ಜೊತೆಗೇ ಮತ್ತೆ ಕೇಳೋಣ.